ದಸ್ತಿಯ ಕೆಳಗೆ ಬೆವರಿದ ಕೈ

ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಕ್ರೀದಿಗೆ ಮುಂಚಿನ ಕೊನೆಯ ದೊಡ್ಡ ಸಂತೆಯಲ್ಲಿ ಒಂದು ಹಿಂಡು ಟಗರು ನನ್ನ ಕೈಗೆ ಬಂದು ಹೋದವು. ಸಾಯಗಾಂವ ಕಡೆಯ ಹೊಲಗಳಲ್ಲಿ ತೊಗರಿ ಹೊಟ್ಟು ತಿಂದು ಬೆಳೆದವು, ಬೆನ್ನು ಒತ್ತಿದರೆ ಎಲುಬು ತಾಗದಂಥವು. ಅವುಗಳ ಹಿಂದೆಯೇ ಬೀದರದ ನನ್ನ ಹಳೆಯ ಗಿರಾಕಿಯೂ ಹೋದ. ಮಾಲು ಅರ್ಧ ಬೆಲೆಗೆ ಸಿಗುತ್ತಿತ್ತು. ಹೂಂ ಅಂದಿದ್ದರೆ ನನ್ನದಾಗುತ್ತಿತ್ತು. ನಾನೇ ಕೈ ಹಿಂತೆಗೆದೆ, ಯಾಕೆಂದರೆ ನನ್ನ ಕೈಯಲ್ಲಿದ್ದ ಆ ಇನ್ನೊಂದು ಕೈಗೆ ತಾನೇನು ಮಾಡುತ್ತಿದ್ದೇನೆಂಬ ಎಚ್ಚರವೇ ಇರಲಿಲ್ಲ. ನಷ್ಟವಾಯಿತೆಂದು ಮನೆಯಲ್ಲಿ ಅಂದರು. ನನ್ನ ಪ್ರಕಾರ ಇಷ್ಟು ಅಗ್ಗದ ಸೌದಾ ನಾನು ಜೀವನದಲ್ಲೇ ಮಾಡಿಲ್ಲ.

ನಾನು ಕುರಿ ದಲಾಲ. ಮನೆ ಭಾಲ್ಕಿ, ದುಡಿಮೆ ಔರಾದ ಕಡೆಯ ಸಂತೆಗಳಲ್ಲಿ. ಸಂತೆಯಲ್ಲಿ ನಾವು ಭಾವವನ್ನು, ಅಂದರೆ ಬೆಲೆಯನ್ನು, ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು ಬಲಗೈ ಹಿಡಿದುಕೊಂಡು, ಅದರ ಮೇಲೆ ಹೆಗಲ ವಸ್ತ್ರವನ್ನು, ನಮ್ಮ ಕಡೆ ದಸ್ತಿ ಅನ್ನುತ್ತಾರೆ, ಹೊದಿಸುತ್ತೇವೆ. ಬೆರಳು ಹಿಡಿದರೆ ಸಾವಿರ, ಗೆಣ್ಣು ಒತ್ತಿದರೆ ನೂರು. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಒಪ್ಪಿಗೆಯಾದರೆ ಕೈ ಕುಲುಕುತ್ತೇವೆ. ಕುಲುಕಿದ ಮೇಲೆ ಮಾತು ಮುರಿದವನಿಗೆ ಆ ಸಂತೆಯಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ.

ಹೊರಗಿನವರು ಬೆರಳಿನ ಲೆಕ್ಕವೇ ವಿದ್ಯೆ ಅಂದುಕೊಳ್ಳುತ್ತಾರೆ. ಅದನ್ನು ಯಾರಿಗಾದರೂ ಒಂದು ಚಹಾ ಕುಡಿಯುವಷ್ಟರಲ್ಲಿ ಕಲಿಸಬಹುದು. ಕೈ ಓದುವುದೇ ನಿಜವಾದ ವಿದ್ಯೆ. ಮಾರಲೇಬೇಕೆಂದು ಬಂದವನ ಬೆರಳು ಸಣ್ಣಗೆ ನಡುಗುತ್ತದೆ. ಆಸೆ ಹುಟ್ಟಿದವನ ಮಣಿಕಟ್ಟಿನಲ್ಲಿ ನಾಡಿ ಓಡುತ್ತದೆ. ಬಂಡವಾಳವಿಲ್ಲದೆ ಈ ಸಂತೆಗೆ ಬಂದ ನನಗೆ ಅನ್ನ ಹಾಕಿದ್ದು ಈ ಓದು.

ಹೋದ ವರ್ಷ ನನ್ನ ನಾಡಿಯೇ ನನಗೆ ಮೋಸ ಮಾಡತೊಡಗಿತು. ಸುಮ್ಮನೆ ಕುಳಿತಾಗಲೂ ಎದೆ ಡವಡವ ಅನ್ನುವುದು, ನಡುವೆ ಒಂದು ಬಡಿತ ತಪ್ಪಿದ ಹಾಗೆ ಆಗುವುದು. ಬೀದರಕ್ಕೆ ಹೋಗಿ ಹೃದಯದ ಡಾಕ್ಟರನ್ನು ಕಂಡೆ. ಎದೆಗೆ ತಂತಿ ಹಚ್ಚಿ ನೋಡಿದರು, ಬಿ.ಪಿ. ನೋಡಿದರು, ಬೀಟಾ ಬ್ಲಾಕರ್ ಎಂಬ ಜಾತಿಯ ಗುಳಿಗೆ ಬರೆದರು. ಅಲ್ಲೂ ನಾನು ಚೌಕಾಶಿಯ ರೂಢಿ ಬಿಡಲಿಲ್ಲ.

“ಡಾಕ್ಟರ್ ಮೇಡಂ, ಶುಗರಿನ ಗುಳಗಿ ಮೊದಲೇ ನುಂಗ್ಲಕತ್ತೇನ್ರಿ. ನಿಮ್ದೂ ಬ್ಯಾಡ ನಂದೂ ಬ್ಯಾಡ, ಇದನ್ನ ಅರ್ಧಕ್ಕ ಮುಗಸ್ರಿ.”

“ಇದು ಕುರಿ ಸಂತಿ ಅಲ್ರಿ ಅಣ್ಣಾರ. ನಿಮ್ಮ ಎದಿ ಕೇಳಿದ ಭಾವ ಇದು. ಇದರಾಗ ಚೌಕಾಶಿ ನಡ್ಯಂಗಿಲ್ಲ.”

“ಹಂಗಾದ್ರ ಮಾಲು ಏನದ, ಒಳಗ ಹೋಗಿ ಏನ್ ಮಾಡ್ತದ, ಹೇಳ್ರಿ. ನೋಡದೆ ನಾ ಕುರಿ ಸೈತ ತಗೊಳ್ಳಂಗಿಲ್ಲ.”

ಆಕೆ ನಕ್ಕರು, ಆದರೆ ಹೇಳಿದರು. ನಾವು ಹೆದರಿದಾಗ, ಜಗಳಕ್ಕೆ ನಿಂತಾಗ, ಆಸೆಯಿಂದ ಉಬ್ಬಿದಾಗ ಮೈಯೊಳಗೆ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಹೃದಯದ ಮೇಲೆ ಆ ರಸಕ್ಕೆಂದೇ ಸಣ್ಣ ಬಾಗಿಲುಗಳಿವೆ, ಅವಕ್ಕೆ ಬೀಟಾ ಎಂದು ಹೆಸರು. ರಸ ಬಂದು ಬಾಗಿಲು ತಟ್ಟಿತೆಂದರೆ ಹೃದಯ ಜೋರಾಗಿ, ಬೇಗಬೇಗ ಬಡಿಯುತ್ತದೆ. ಈ ಗುಳಿಗೆ ಮೊದಲೇ ಹೋಗಿ ಆ ಹೊಸ್ತಿಲಲ್ಲಿ ಕೂತುಬಿಡುತ್ತದೆ. ರಸ ಬಂದರೂ ಅದರ ಹುಕುಂ ಪೂರ್ತಿ ಒಳಗೆ ಮುಟ್ಟುವುದಿಲ್ಲ. ಹೃದಯ ನಿಧಾನವಾಗಿ ಬಡಿಯುತ್ತದೆ, ಅದರ ಮೇಲಿನ ಹೊರೆ ಇಳಿಯುತ್ತದೆ, ಬಿ.ಪಿ. ತಗ್ಗುತ್ತದೆ.

“ದಮ್ಮು ಅದ ಏನ್ರಿ ನಿಮಗ? ಉಬ್ಬಸ?” ಎಂದು ಕೇಳಿದರು. ಇಲ್ಲವೆಂದೆ. ಅಂಥದೇ ಬಾಗಿಲುಗಳು ಉಸಿರಿನ ಕೊಳವೆಯಲ್ಲೂ ಇವೆಯಂತೆ. ಅಲ್ಲಿ ಅವು ಮುಚ್ಚಿದರೆ ಕೊಳವೆ ಬಿಗಿದು, ದಮ್ಮಿನವನಿಗೆ ಉಸಿರೇ ಸಿಗದಂತಾಗಬಹುದು. ಆಮೇಲೆ ನನ್ನ ಶುಗರಿನ ಚೀಟಿ ಕೈಗೆತ್ತಿಕೊಂಡು ಒಂದು ಮಾತು ಹೇಳಿದರು. ಈ ಬರಹವೆಲ್ಲ ಆ ಮಾತಿನಿಂದ ಹುಟ್ಟಿದ್ದು.

“ಶುಗರ್ ಇಳದಾಗ ಮೊದಲು ಕೈ ನಡಗ್ತಾವಲ್ರಿ, ಎದಿ ಹಾರ್ತದಲ್ರಿ, ಈ ಗುಳಗಿ ಅವೆರಡೂ ಮುಚ್ಚಿಬಿಡ್ತದ. ನಿಮಗ ಗೊತ್ತೇ ಆಗಂಗಿಲ್ಲ. ಆದ್ರ ಬೆವರು ಮುಚ್ಚಂಗಿಲ್ಲ. ಅದರ ಹಾದಿ ಬ್ಯಾರೆ. ಸೆಕಿ ಇಲ್ದ ತಣ್ಣಗ ಬೆವರು ಬಂತಂದ್ರ ಮೊದಲು ಸಕ್ಕರಿ ನುಂಗ್ರಿ, ಆಮ್ಯಾಲ ವಿಚಾರ ಮಾಡ್ರಿ.”

“ಎಷ್ಟು ದಿನಾ ನುಂಗಬೇಕ್ರಿ?”

“ನಾ ಸಾಕು ಅನ್ನೂತನಕ. ಆರಾಮ ಆಯ್ತಂತ ಒಮ್ಮೆಲೆ ಬಿಟ್ಟೀರಿ ಅಂದ್ರ, ಇಷ್ಟು ದಿನಾ ತಡದು ನಿಲ್ಲಿಸಿದ್ದೆಲ್ಲಾ ಒಂದೇ ಸಲ ಎದಿ ಮ್ಯಾಲ ನುಗ್ತದ. ಬಿಡೂದಿದ್ರ ಸಾವಕಾಶ ಇಳಿಸಿ ಬಿಡಸ್ತೇನಿ.”

ಮಾಲು ತಿಳಿಯಿತು. ಅರ್ಧ ಕೇಳಿದವನು ಪೂರ್ತಿ ಗುಳಿಗೆ ತೆಗೆದುಕೊಂಡು ಭಾಲ್ಕಿಗೆ ಬಂದೆ. ಮೊದಮೊದಲು ಮೈ ಭಾರ, ಮೆಟ್ಟಿಲು ಹತ್ತಿದರೆ ಆಯಾಸ. ಮತ್ತೆ ಹೋಗಿ ಹೇಳಿದೆ, ಅವರು ಪ್ರಮಾಣ ಹೊಂದಿಸಿದರು. ಎದೆಯ ಡವಡವ ನಿಂತಿತು.

ಸಂತೆಯಲ್ಲಿ ಮಾತ್ರ ಬೇರೊಂದು ತಮಾಷೆ ಶುರುವಾಯಿತು. ದಸ್ತಿಯ ಕೆಳಗೆ ನನ್ನ ಕೈ ಓದಲು ಯಾರಿಗೂ ಆಗುತ್ತಿರಲಿಲ್ಲ. ನಡುಕವಿಲ್ಲ, ನಾಡಿಯ ಓಟವಿಲ್ಲ, ಸಾಲದ್ದಕ್ಕೆ ಬೆರಳು ತಣ್ಣಗೆ. ಈ ಗುಳಿಗೆಯಿಂದ ಕೆಲವರಿಗೆ ಕೈಕಾಲು ತಣ್ಣಗಾಗುವುದುಂಟು. ಕಮಲನಗರದ ಒಬ್ಬ ದಲಾಲ ನನ್ನ ಹಳೆಯ ಎದುರಾಳಿ, ಒಂದೇ ವಯಸ್ಸಿನವರು, ಬೀಗರಲ್ಲದಿದ್ದರೂ ಒಬ್ಬರನ್ನೊಬ್ಬರು ಪಾವಣ್ಯಾ ಎಂದೇ ಕರೆಯುತ್ತೇವೆ. ಅವನು ನನ್ನ ಕೈ ಹಿಡಿದವನೇ ಬೆಚ್ಚಿ ದಸ್ತಿ ಎತ್ತಿ ನೋಡಿದ.

“ಏನೋ ಪಾವಣ್ಯಾ, ಕೈ ರಾತ್ರಿ ಫ್ರಿಜ್ಜಿನ್ಯಾಗ ಇಟ್ಟು ತಂದೀಯೇನು?”

“ನಿನ್ನ ಕೈಯಾಗ ಸಿಗಬಾರದಂತ ಇಟ್ಟಿದ್ದೆ.”

ಚಹಾ ಮಾರುವ ಅಕ್ಕ ಅಲ್ಲಿಂದಲೇ ಕೂಗಿದಳು: “ಹಿಂಗ ಮಾತಾಡಿ ಮಾತಾಡಿ ಇಬ್ರೂ ನನ್ನ ಚಹಾ ಆರಸ್ತೀರಿ!”

ಗುಳಿಗೆಯ ವಿಷಯ ಹೇಗೋ ಹೊರಬಿತ್ತು. ಸಂತೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಅದು ಎದೆಯ ಗುಳಿಗೆ ಎಂಬುದು ಮಾತ್ರ ಹಿಂದೆ ಉಳಿದು, ‘ಕೈ ಕಲ್ಲು ಮಾಡೋ ಗುಳಗಿ’ ಎಂಬ ಹೆಸರು ಮುಂದೆ ಓಡಿತು. ಕಮಲನಗರದವನು ಒಂದು ದಿನ ಮಗ್ಗುಲಿಗೆ ಕರೆದು ಮೆತ್ತಗೆ ಕೇಳಿದ.

“ನಂಗೂ ಒಂದ್ ನಾಕು ಕೊಡೋ. ಬಕ್ರೀದ್ ಮುಗಿಯೂತನಕ ಸಾಕು.”

“ನಿಂಗ ಶುಗರ್ ಅದ. ನಿನ್ನ ಎದಿ ಯಾರೂ ನೋಡಿಲ್ಲ. ಬೇಕಂದ್ರ ನಾನೇ ಬೀದರಕ್ಕ ಕರ್ಕೊಂಡು ಹೋಗ್ತೇನಿ, ಡಾಕ್ಟರ್ ಚೀಟಿ ಬರದುಕೊಟ್ರ ತಗೋ.”

“ಡಾಕ್ಟರ್ ಹಂತ್ಯಾಕ ಹೋದ್ರ ಗುಳಗಿ ಜೋಡಿ ರೋಗಾನೂ ಕೊಟ್ಟು ಕಳಸ್ತಾರ. ಕೊಡಂಗಿಲ್ಲ ಅಂತ ಹೇಳು. ಗೆಲ್ಲೂ ಹತಿಯಾರ ಯಾರು ಹಂಚ್ತಾರ?”

ಸಿಟ್ಟಿನಿಂದ ಹೋದ. ನಾನು ಕರಗಲಿಲ್ಲ.

ಆಮೇಲೆ ಆ ಕೊನೆಯ ಸಂತೆ ಬಂತು. ಬೀದರದ ನನ್ನ ಗಿರಾಕಿ ಹಬ್ಬಕ್ಕೆ ಒಳ್ಳೆಯ ಟಗರು ಬೇಕೆಂದು ಖುದ್ದು ಗಾಡಿ ತಂದು ನಿಂತಿದ್ದ. ಬೆಳಕು ಹರಿಯುವ ಮೊದಲೇ ನಾನು ಸಂತೆಯೊಳಗೆ ಒಂದು ಸುತ್ತು ಹಾಕಿದೆ. ಚಿಂತಾಕಿಯ ಕುರಿಗಾರರ ಮಾಲು ಚೆನ್ನಾಗಿತ್ತು, ಆದರೆ ಎಳೆಯದು. ಕಮಲನಗರದವನು ಕಟ್ಟಿದ್ದ ಹಿಂಡೇ ಹಿಂಡು. ಒಂದೊಂದನ್ನೂ ಹಿಡಿದು ನೋಡಿದೆ. ತುಟಿ ಬಿಡಿಸಿ ಹಲ್ಲು ನೋಡಿ ವಯಸ್ಸು ತಿಳಿದೆ, ಸೊಂಟದ ಮೇಲೆ ಹೆಬ್ಬೆರಳು ಒತ್ತಿ ಮಾಂಸ ತಿಳಿದೆ, ಗೊರಸಿನ ಸಂದಿ ನೋಡಿದೆ, ನಡೆಸಿ ಕುಂಟು ನೋಡಿದೆ. ಕುರ್ಬಾನಿಗೆ ಕೊಡುವ ಟಗರಿನ ಕಿವಿ ಹರಿದಿರಬಾರದು, ಕೊಂಬು ಮುರಿದಿರಬಾರದು. ಒಂದರಲ್ಲೂ ಕುಂದು ಸಿಗಲಿಲ್ಲ. ಕುಂದು ಸಿಗದ ಮಾಲಿಗೆ ಚೌಕಾಶಿ ಮಾಡುವುದು ಬಲು ಕಷ್ಟ. ಆದರೂ ಮುಖ ಸಿಂಡರಿಸಿಕೊಂಡೇ ಹೋಗಿ ಕೈ ಚಾಚಿದೆ.

“ಬೋಣಿ ಆಗಿಲ್ಲ ಪಾವಣ್ಯಾ, ನೋಡಿ ಮಾಡು,” ಎಂದ. ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ನಮ್ಮ ದಲಾಲರಲ್ಲಿ ಹಳೆಯ ನೇಮವೊಂದಿದೆ: ಬೋಣಿ ಆಗುವ ತನಕ ಬಾಯಲ್ಲಿ ತುತ್ತಿಡುವುದಿಲ್ಲ. ಶುಗರ್ ಬಂದ ಮೇಲೆ ನಾನು ಆ ನೇಮಕ್ಕೆ ಕೈ ಮುಗಿದು ಬಿಟ್ಟಿದ್ದೆ. ಅವನು ಬಿಟ್ಟಿರಲಿಲ್ಲ.

ದಸ್ತಿ ಮುಚ್ಚಿತು. ನಾನು ಬೆರಳು ಹಿಡಿದೆ, ಅವನು ಬಿಡಿಸಿಕೊಂಡು ಮೇಲಿನ ಭಾವ ಒತ್ತಿದ. ನಾನು ಒಂದು ಗೆಣ್ಣು ಏರಿದೆ. ಅವನು ಇಳಿಯಲಿಲ್ಲ. ಆಗ ನನಗೆ ಅವನ ಕೈ ವಿಚಿತ್ರವೆನ್ನಿಸಿತು. ನಾನು ಬಹಳ ವರ್ಷಗಳಿಂದ ಓದಿದ ಕೈ ಅದು. ದೊಡ್ಡ ಸೌದೆಯಲ್ಲಿ ಅವನ ಕಿರುಬೆರಳು ನಡುಗದೆ ಇದ್ದದ್ದೇ ಇಲ್ಲ. ಅಂದು ನಡುಗಲಿಲ್ಲ. ಮಣಿಕಟ್ಟಿನಲ್ಲಿ ನಾಡಿ ಮಲಗಿದ ಹಾಗೆ ನಿಧಾನ. ತಣ್ಣಗಿತ್ತು, ನನ್ನದರಂತೆಯೇ. ಎಲ್ಲಿಂದಲೋ ಗುಳಿಗೆ ಸಂಪಾದಿಸಿದ್ದಾನೆ ಎಂದು ಆಗಲೇ ತಿಳಿಯಿತು.

ಹಗ್ಗಜಗ್ಗಾಟ ನಡೆಯಿತು. ಬೀದರದ ಗಿರಾಕಿ ನನ್ನ ಬೆನ್ನ ಹಿಂದೆ ಬಂದು ನಿಂತ. ಅಷ್ಟರಲ್ಲಿ ಕಮಲನಗರದವನ ಬೆರಳು ಇಳಿಯಿತು. ಮತ್ತೆ ಇಳಿಯಿತು. ನಾನು ಹೇಳಿದ ಭಾವಕ್ಕಿಂತಲೂ ಕೆಳಗೆ ಇಳಿಯಿತು! ಕೊಳ್ಳುವವನು ಕೇಳಿದ್ದಕ್ಕಿಂತ ಕಡಿಮೆಗೆ ಕೊಡುತ್ತೇನೆನ್ನುವ ಮಾರಾಟಗಾರನನ್ನು ಯಾರಾದರೂ ಕಂಡಿದ್ದೀರಾ? ನಾನು ಮತ್ತೆ ಒತ್ತಿ ಕೇಳಿದೆ. ಅದೇ ಭಾವ, ಅವನು ಕೊಂಡ ಬೆಲೆಯ ಅರ್ಧ.

ಹೆಗಲ ಮೇಲಿಂದ ಬಗ್ಗಿದ ಗಿರಾಕಿ ನನ್ನ ಮುಖ ಓದಿರಬೇಕು. “ಕುಲುಕು ಭಾಯಿ, ಜಲ್ದಿ ಕುಲುಕು!” ಅಂದ.

ಕುಲುಕಿದ್ದರೆ ಆಗಿಹೋಗುತ್ತಿತ್ತು. ಸಂತೆಯ ಕಾನೂನು ನನ್ನ ಕಡೆಗಿತ್ತು. ಆದರೆ ನನ್ನ ಅಂಗೈ ಒದ್ದೆಯಾಗಿತ್ತು, ಮತ್ತು ಆ ಬೆವರು ನನ್ನದಾಗಿರಲಿಲ್ಲ. ಬೇವಿನ ನೆರಳು, ಮುಂಜಾನೆಯ ತಂಪು, ಅವನ ಕೈಯಿಂದ ನೀರು ಇಳಿಯುತ್ತಿತ್ತು. ಕೈ ಕಲ್ಲಿನ ಹಾಗೆ ಶಾಂತ, ಬೆವರು ಮಾತ್ರ ಧಾರಾಕಾರ. ಬೀದರದ ಡಾಕ್ಟರ ಮಾತು ಕಿವಿಯಲ್ಲಿ ಹೇಳಿದಷ್ಟೇ ಸ್ಪಷ್ಟವಾಗಿ ಕೇಳಿಸಿತು. ತಲೆ ಎತ್ತಿ ಅವನ ಕಣ್ಣು ನೋಡಿದೆ. ನನ್ನನ್ನು ದಾಟಿ ಎಲ್ಲಿಯೋ ನೋಡುತ್ತಿದ್ದ.

ಕೈ ಹಿಂತೆಗೆದು ದಸ್ತಿ ಕಿತ್ತೆಸೆದೆ.

“ನಾಷ್ಟಾ ಮಾಡೀಯೇನು?”

“ಬೋಣಿ...” ಅಂದ. ನಾಲಿಗೆ ತೊಡರುತ್ತಿತ್ತು. ಹಿಡಿಯಲು ಹೋದರೆ ನನ್ನನ್ನೇ ನೂಕಿದ. ಶುಗರ್ ಇಳಿದವನಿಗೆ ಕಾರಣವಿಲ್ಲದ ಸಿಟ್ಟು ಬರುತ್ತದೆಂದು ಆಮೇಲೆ ತಿಳಿಯಿತು. ಜನ ಸೇರಿದರು. “ಮುಂಜಾನಿ ಮುಂಜಾನಿ ಹಾಕ್ಯಾನ,” ಅಂದನೊಬ್ಬ. “ಫಿಟ್ಸ್ ಅದ, ಉಳ್ಳಾಗಡ್ಡಿ ಮೂಸಸ್ರಿ,” ಅಂದ ಮತ್ತೊಬ್ಬ. “ಇವನೇ ಏನೋ ಮಾಡ್ಯಾನ, ಭಾವ ಮುರೀಲಕ್ಕ,” ಎಂದು ನನ್ನ ಕಡೆಯೂ ಬೆರಳು ತೋರಿಸಿದರು. ಜಗಳಕ್ಕೆ ಹೊತ್ತಿರಲಿಲ್ಲ. ಚಹಾದ ಅಕ್ಕನಿಗೆ ಕೂಗಿದೆ:

“ಅಕ್ಕಾ, ಲೋಟಾದಾಗ ಅರ್ಧ ಸಕ್ಕರಿ ಹಾಕಿ ನೀರು ಕಲಸ್ಕೊಂಡ್ ಬಾ! ಚಹಾ ಬ್ಯಾಡ, ಬರೇ ಸಕ್ಕರಿ!”

ಅವಳು ಪ್ರಶ್ನೆ ಕೇಳದೆ ಓಡಿಬಂದಳು. ಮೊದಲು ಅವನನ್ನು ಕೂರಿಸಿ ಬರೀ ನೀರಿನ ಗುಟುಕು ಕೊಟ್ಟು ನೋಡಿದೆ. ನುಂಗಿದ. ನುಂಗಲಾಗದೆ ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕ್ಕೆ ಹೋಗುತ್ತದೆ. ಹಾಗಿದ್ದರೆ ನಾನು ನೇರ ದವಾಖಾನೆಗೇ ಎತ್ತಿಕೊಂಡು ಹೋಗುತ್ತಿದ್ದೆ. ಸಕ್ಕರೆ ನೀರನ್ನು ಬೈದುಕೊಳ್ಳುತ್ತಲೇ ಕುಡಿದ. ನಾವು ಕಾದೆವು. ಹಿಂಡಿನ ಟಗರುಗಳು ಕೂಗುತ್ತಿದ್ದವು. ನಿಧಾನಕ್ಕೆ ಅವನ ಕಣ್ಣಿಗೆ ಮನುಷ್ಯರು ಕಾಣತೊಡಗಿದರು.

“ಯಾಕೋ... ಎಲ್ಲಾರೂ ನನ್ನ ಮಾರೀ ಯಾಕ ನೋಡ್ಲಕತ್ತೀರಿ?”

“ನಿನ್ನ ಹಲ್ಲು ನೋಡಿ ವಯಸ್ಸು ಲೆಕ್ಕಾ ಹಾಕ್ಲಕತ್ತೇವಿ,” ಅಂದೆ. ಅಕ್ಕ ನಕ್ಕಳು, ಆಗ ನನಗೂ ಜೀವ ಬಂತು. ಅವಳ ಗಂಟಿನಿಂದಲೇ ರೊಟ್ಟಿ ತೆಗೆದು ತಿನ್ನಿಸಿದೆವು.

ಬೀದರದ ಗಿರಾಕಿಗೆ ತಾಳ್ಮೆ ಮುಗಿದಿತ್ತು. “ಮಾಲು ಕೈಯಾಗಿತ್ತು, ಬಿಟ್ಟುಕೊಟ್ಟಿ. ನೀ ದಲಾಲ ಅಲ್ಲ, ಕಂಪೌಂಡರ್,” ಎಂದು ಬೇರೆ ಸಾಲಿಗೆ ನಡೆದ. ಕಮಲನಗರದವನೋ, ರೊಟ್ಟಿ ಅಗಿಯುತ್ತಲೇ ನನ್ನ ಕೈ ಹಿಡಿದ: “ನಿನ್ನ ಭಾವಕ್ಕೇ ತಗೊ ಪಾವಣ್ಯಾ. ನಾ ಋಣ ಇಟ್ಕೊಳ್ಳಂಗಿಲ್ಲ.”

“ಇವತ್ತ ನಿನ್ನ ಕೈ ನಿಂದಲ್ಲ. ಇಂಥಾ ಕೈ ನಾ ಕುಲುಕಂಗಿಲ್ಲ. ಏಳು, ಔರಾದಕ್ಕ ಹೋಗೂಣು.”

“ಆರಾಮ ಆಗ್ಯಾದಲ್ಲ!”

ಆಗಿರಲಿಲ್ಲ, ಅದು ನನಗೆ ಗೊತ್ತಿತ್ತು. ಬರಿಹೊಟ್ಟೆಗೆ ನುಂಗಿದ ಶುಗರಿನ ಗುಳಿಗೆ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ, ಸಕ್ಕರೆ ನೀರು ಕರಗಿದ ಮೇಲೆ ಮತ್ತೆ ಕೆಳಗೆ ಎಳೆಯಬಹುದು; ಆ ಇನ್ನೊಂದು ಗುಳಿಗೆ ನಡುಕ, ಡವಡವದ ಸುಳಿವನ್ನು ಮತ್ತೆ ಮುಚ್ಚಿಬಿಡುತ್ತದೆ. ಅವನ ಹಿಂಡನ್ನು ಅವನ ಪಾಲುದಾರನಿಗೆ ಒಪ್ಪಿಸಿ, ಗಾಡಿ ಹತ್ತಿಸಿದೆ. ಟಗರು ಆ ದಿನವೇ ತೆಲಂಗಾಣದ ವ್ಯಾಪಾರಿಗೆ ಹೋದವೆಂದು ಸಂಜೆ ತಿಳಿಯಿತು.

ಔರಾದದ ಡಾಕ್ಟರು ಶುಗರ್ ನೋಡಿದರು, ನಾಡಿ ಹಿಡಿದರು, ಹುಬ್ಬು ಗಂಟಿಕ್ಕಿದರು. “ಏನೇನ್ ನುಂಗೀರಿ, ಖರೇ ಹೇಳ್ರಿ.”

ಅವನು ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. “ನಮ್ಮಣ್ಣಂದ್ರಿ. ಅವಗ ಹಿಂದ ಹಾರ್ಟ್ ಅಟ್ಯಾಕ್ ಆಗಿತ್ತು.”

“ಇವು ನಿಮ್ಮ ಕಿಸೆದಾಗ ಅದಾವಂದ್ರ ಅವರು ಏನ್ ನುಂಗ್ಲಕತ್ತಾರ?”

ಇದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಡಾಕ್ಟರು ಅಲ್ಲಿಂದಲೇ ಫೋನು ಮಾಡಿಸಿದರು. ಅವನ ಅತ್ತಿಗೆ ಎತ್ತಿಕೊಂಡಳು. “ಗುಳಗಿ ಎಲ್ಲಿ ಬಿದ್ದಾವೋ ಗೊತ್ತಿಲ್ರಿ, ಸಿಗವಲ್ಲವು. ಮುಂದಿನ ಸಲ ಪ್ಯಾಟಿಗಿ ಹೋದಾಗ ತಂದ್ರಾಯ್ತಂತ ಬಿಟ್ಟೇವ್ರಿ. ನಿನ್ನಿಯಿಂದ ಎದಿ ಹಿಡದಂಗ ಆಗ್ಯಾದ ಅನ್ಲಕತ್ತಾರ.”

ಡಾಕ್ಟರು ಎದ್ದೇ ನಿಂತರು. “ಈಗೇ ಕರ್ಕೊಂಡ್ ಬರ್ರಿ. ನಡಸ್ಕೋತ ಅಲ್ಲ, ಗಾಡ್ಯಾಗ.” ಅಣ್ಣ ಬಂದ; ತಂತಿ ಹಚ್ಚಿ ನೋಡಿ, ಔಷಧ ಕೊಟ್ಟು, ಅಂದೇ ಬೀದರಕ್ಕೆ ಕಳುಹಿಸಿದರು. ಹೃದಯಕ್ಕೆ ಹರಿಯುವ ರಕ್ತ ಕಡಿಮೆಯಾಗಿ ಎದೆ ಬಿಗಿದಿತ್ತು, ವೇಳೆಗೆ ಸಿಕ್ಕಿದ್ದರಿಂದ ಉಳಿದ. ಒಂದು ಪಟ್ಟಿ ಗುಳಿಗೆ ಒಂದೇ ಮನೆಯ ಇಬ್ಬರನ್ನು ಕೆಡವಿತ್ತು, ನುಂಗಿದವನನ್ನೂ ನುಂಗದವನನ್ನೂ.

ಔರಾದದ ದವಾಖಾನೆಯ ಮಂಚದ ಮೇಲೆ ಮಲಗಿದ್ದ ಕಮಲನಗರದವನು ನನ್ನ ಕಡೆ ಹೊರಳಿದ. “ಅಣ್ಣನ ಪಾಲಿಂದು ನುಂಗಿ ನಿನ್ನ ಗೆಲ್ಲಲಕ್ಕ ಬಂದಿದ್ದೆ,” ಅಂದ.

“ಗೆದ್ದಿದ್ದಿ. ನಿನ್ನ ಕೈ ನಂಗ ಓದ್ಲಕ್ಕ ಬರಲೇ ಇಲ್ಲ. ಬೆವರು ಹೇಳ್ತು.”

ಬೀದರದ ಗಿರಾಕಿ ಇನ್ನೂ ನನ್ನ ಕಡೆ ತಿರುಗಿಲ್ಲ, ತಿರುಗುವನೆಂಬ ಆಸೆಯೂ ಇಲ್ಲ. ಆದರೆ ಹಬ್ಬದ ನಂತರದ ಮೊದಲ ಸಂತೆಯಲ್ಲಿ ಕಮಲನಗರದವನು ಎಲ್ಲರೂ ನೋಡುವ ಹಾಗೆ ಬೇವಿನ ಕೆಳಗೆ ದಸ್ತಿ ಹಾಸಿ, ರೊಟ್ಟಿ ಬಿಚ್ಚಿ ಕೂತ. ಒಂದು ಕುರಿಯೂ ಮಾರಿರಲಿಲ್ಲ. ಹಿರಿಯ ದಲಾಲನೊಬ್ಬ ಗದರಿಸಿದ: “ಬೋಣಿ ಆಗೂಕಿಂತ ಮೊದಲೇ ಉಣ್ಣಲಕತ್ತೀಯಲ್ಲೋ!”

“ಇದೇ ನನ್ನ ಬೋಣಿ ಕಾಕಾ. ಬರ್ರಿ, ನೀವೂ ಕೂಡ್ರಿ. ನಿಮಗೂ ಶುಗರ್ ಅದ ಅಲ್ಲ?”

ಕಾಕಾ ಸುತ್ತ ನೋಡಿ, ಗೊಣಗಿ, ಕೂತ. ಈಗ ನಮ್ಮ ಸಂತೆಯಲ್ಲಿ ಉಂಡು ದಸ್ತಿ ಹಿಡಿಯುವವರು ದಿನೇ ದಿನೇ ಹೆಚ್ಚಾಗುತ್ತಿದ್ದಾರೆ. ಅಕ್ಕನ ಅಂಗಡಿಯಲ್ಲಿ ಸಕ್ಕರೆಯ ಡಬ್ಬಿ ಮುಂದಿನ ಸಾಲಿಗೆ ಬಂದಿದೆ. ಓದು ಬರಹ ಹೆಚ್ಚಿಲ್ಲದ ನಾನು ಒಂದು ಹಳೆಯ ನೇಮ ಮುರಿಸಿದೆನಲ್ಲ ಎಂದು ಎದೆ ಉಬ್ಬುತ್ತದೆ. ಗುಳಿಗೆ ಇದ್ದರೂ ಇಷ್ಟಂತೂ ಉಬ್ಬುತ್ತದೆ.

ಓದುವವರೇ, ಈಗ ನಿಮ್ಮ ಪಾಲಿನದು. ನಿಮಗೆ ಈ ಜಾತಿಯ ಗುಳಿಗೆ ಬರೆದಿದ್ದರೆ, ಬರೆಯುವ ಮೊದಲೇ ದಮ್ಮು, ಶುಗರ್, ಹಿಂದಿನ ಎಲ್ಲ ಗುಳಿಗೆ, ಅಂಗಡಿಯಿಂದ ತಂದು ನುಂಗುವ ನೆಗಡಿ-ನೋವಿನ ಗುಳಿಗೆ, ಎಲ್ಲವನ್ನೂ ಡಾಕ್ಟರ ಮುಂದೆ ಸುರಿಯಿರಿ. ಮಾಲಿನ ಕುಂದು ಮುಚ್ಚಿಡುವುದು ಸಂತೆಯಲ್ಲಿ ಲಾಭ, ದವಾಖಾನೆಯಲ್ಲಿ ಸಾವು. ದಿನವೂ ಒಂದೇ ಹೊತ್ತಿಗೆ ನುಂಗಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಿ ಸರಿದೂಗಿಸಬೇಡಿ. ಕೆಲವು ಗುಳಿಗೆ ದಿನವಿಡೀ ನಿಧಾನ ಕರಗುವಂಥವು. ಕೇಳದೆ ಅವನ್ನು ಪುಡಿ ಮಾಡಬೇಡಿ. ಮಲಗಿದಲ್ಲಿಂದ ದಡಕ್ಕನೆ ಏಳಬೇಡಿ, ತಲೆ ತಿರುಗೀತು. ಮಣಿಕಟ್ಟಿನ ನಾಡಿ ಎಣಿಸುವುದನ್ನು ಕಲಿಯಿರಿ. ನಿಮಿಷಕ್ಕೆ ಐವತ್ತಕ್ಕಿಂತ ಕೆಳಗೆ ಬಂದರೆ, ಕಣ್ಣು ಕತ್ತಲೆ ಬಂದರೆ, ಉಸಿರು ಬಿಗಿದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಮುಗಿಯುವ ಮೊದಲೇ ತಂದಿಟ್ಟುಕೊಳ್ಳಿ, ಆರಾಮಾಯಿತೆಂದು ನೀವಾಗಿ ಬಿಡಬೇಡಿ. ಮನೆಯವರದಾದರೂ ಸರಿ, ಇನ್ನೊಬ್ಬರ ಗುಳಿಗೆ ನುಂಗಬೇಡಿ, ನಿಮ್ಮದನ್ನು ಕೊಡಬೇಡಿ. ಕೇಳಿದವನು ಸಿಟ್ಟಾದರೆ ಆಗಲಿ, ಬದುಕಿದ್ದರೆ ಸಿಟ್ಟು ಇಳಿಯುತ್ತದೆ. ಶುಗರ್ ಇದ್ದವರು ಕಿಸೆಯಲ್ಲಿ ಸಕ್ಕರೆ ಇಟ್ಟುಕೊಂಡೇ ಮನೆ ಬಿಡಿ.

ಇನ್ನು ಒಂದೇ ಮಾತು. ಯಾವತ್ತಾದರೂ ನಿಮ್ಮ ಕೈಯಲ್ಲಿರುವ ಇನ್ನೊಬ್ಬರ ಕೈ ನೆರಳಿನಲ್ಲೂ ತಣ್ಣಗೆ ಬೆವರಿದ್ದರೆ, ಎಷ್ಟೇ ಲಾಭದ ಸೌದಾ ಇರಲಿ, ಭಾವ ಕೇಳಬೇಡಿ. ಉಂಡಿದ್ದೀಯಾ ಎಂದು ಕೇಳಿ.